ಏಳುನೂರು ಗ್ರಾಂ ಕಳೆಯಿರಿ

3 ಜೂನ್, ಸೋಮವಾರ

ಅತ್ತೆಯವರು ಆಸ್ಪತ್ರೆಯಿಂದ ನೇರವಾಗಿ ನಮ್ಮ ಮನೆಗೆ ಬಂದರು. ಬಂದವರೇ ಕಿಟಕಿ ಪಕ್ಕದ ಕುರ್ಚಿಯಲ್ಲಿ, ಅಂದರೆ ನನ್ನ ಕುರ್ಚಿಯಲ್ಲಿ, ಕುಳಿತರು. ಹೃದಯದ ಶಕ್ತಿ ಕುಂದಿದೆಯಂತೆ, ಅದರಿಂದ ಮೈಯಲ್ಲಿ ನೀರು ನಿಲ್ಲುತ್ತದಂತೆ. ನಾಲಿಗೆಯ ಶಕ್ತಿ ಮಾತ್ರ ಎಳ್ಳಷ್ಟೂ ಕುಂದಿಲ್ಲ. "ಈ ಪರದೆ ಒಗೆದು ಎಷ್ಟು ದಿನ ಆಯ್ತಮ್ಮಾ?" ಎಂದು ಕೇಳಿದ್ದು ಚಪ್ಪಲಿ ಬಿಡುವ ಮೊದಲೇ.

ಡಾಕ್ಟರಮ್ಮ ಹೇಳಿದ್ದು ಇಷ್ಟು. ಉಪ್ಪು ಕಡಿಮೆ, ನೀರು ಲೆಕ್ಕದಲ್ಲಿ, ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ತೂಕ. ಮೈಯಲ್ಲಿ ನೀರು ಸೇರುತ್ತಿದ್ದರೆ ಮೊದಲು ಬಾಯಿ ಬಿಡುವುದು ತೂಕವೇ. ಒಂದೂವರೆ ಕೆ.ಜಿ. ಏರಿದರೂ ತಡಮಾಡದೆ ಕರೆತರಬೇಕು. ತಿಂಗಳು ಪೂರ್ತಿ ಏರದೆ ನಿಂತರೆ ಅತ್ತೆಯವರ ದೊಡ್ಡ ಮಗ, ಅಂದರೆ ನನ್ನ ಭಾವ, ಕಾರು ತಂದು ತಮ್ಮ ಊರಿಗೆ ಕರೆದುಕೊಂಡು ಹೋಗುತ್ತಾರೆ. "ಒಂದು ತಿಂಗಳು ಅಂದ್ರೆ ಎಷ್ಟು ಮಹಾ" ಎಂದರು ಇವರು. ಇವರಿಗೇನು, ಬೆಳಿಗ್ಗೆ ತಮ್ಮ ನಲ್ಲಿ-ಪೈಪಿನ ಅಂಗಡಿಗೆ ಹೋದರೆ ಮನೆಯ ನೆನಪಾಗುವುದು ಊಟದ ಹೊತ್ತಿಗೆ.

"ಎಲ್ಲ ಬರೆದಿಡಿ" ಎಂದಿದ್ದಾರೆ ಡಾಕ್ಟರಮ್ಮ. ಅವರು ಹೇಳಿದ್ದು ತೂಕವನ್ನು. ಮಿಕ್ಕದ್ದನ್ನು ನಾನು ಇಲ್ಲಿ ಬರೆಯುತ್ತೇನೆ. ಇಲ್ಲದಿದ್ದರೆ ನನ್ನ ರಕ್ತದೊತ್ತಡವನ್ನೂ ಯಾರಾದರೂ ಬರೆದಿಡಬೇಕಾದೀತು.

5 ಜೂನ್, ಬುಧವಾರ

ಇವರು ತೂಕದ ಯಂತ್ರ ಕೊಂಡು ತಂದರು. ಗಾಜಿನ ಹಲಗೆ, ನೀಲಿ ಅಂಕಿ. 'ನೂರಕ್ಕೆ ನೂರು ಕರೆಕ್ಟು' ಅಂತ ಅಂಗಡಿಯವನು ಹೇಳಿದನಂತೆ. ನೂರಕ್ಕೆ ನೂರು ಕರೆಕ್ಟಾದ ಯಂತ್ರವನ್ನು ನಾನು ಇಷ್ಟು ವರ್ಷದ ನೌಕರಿಯಲ್ಲಿ ಒಂದನ್ನೂ ಕಂಡಿಲ್ಲ. ಊರಿನ ತಕ್ಕಡಿ, ಥರ್ಮಾಮೀಟರು, ಪ್ರೆಷರ್ ಮೀಟರುಗಳ ಸುಳ್ಳು ಹಿಡಿಯುವುದೇ ನಮ್ಮ ಲ್ಯಾಬಿನ ಕೆಲಸ, ಆ ಲ್ಯಾಬಿಗೆ ನಾನೇ ಮುಖ್ಯಸ್ಥೆ. ಹಾಗಾಗಿ ಯಂತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ನಮ್ಮ ತೂಕದ ಬಟ್ಟುಗಳನ್ನು ಹೇರಿ ನೋಡಿದೆ. ಏಳುನೂರು ಗ್ರಾಂ ಹೆಚ್ಚು ತೋರಿಸುತ್ತದೆ. ಇಪ್ಪತ್ತು ಕೆ.ಜಿ. ಇಟ್ಟರೂ ಅಷ್ಟೇ, ಎಂಬತ್ತು ಇಟ್ಟರೂ ಅಷ್ಟೇ.

"ವಾಪಸ್ ಕೊಟ್ಟು ಬರ್ಲಾ?" ಎಂದರು ಇವರು.

ಬೇಡ ಎಂದೆ. ಯಂತ್ರ ತಪ್ಪು ಹೇಳುವುದು ದೊಡ್ಡ ವಿಷಯವಲ್ಲ, ದಿನಕ್ಕೊಂದು ತಪ್ಪು ಹೇಳಿದರೆ ಕಷ್ಟ. ಎಷ್ಟು ತಪ್ಪು ಎಂದು ಗೊತ್ತಾದರೆ ಅಷ್ಟನ್ನು ಕಳೆದರೆ ಮುಗಿಯಿತು. ಲ್ಯಾಬಿನಲ್ಲಿ ಮಾಡುವಂತೆ ಯಂತ್ರದ ಮೂಲೆಗೆ ತಿದ್ದುಪಡಿ ಚೀಟಿ ಅಂಟಿಸಿದೆ. 'ಬಂದ ತೂಕದಲ್ಲಿ 700 ಗ್ರಾಂ ಕಳೆಯಿರಿ.' ಕೆಂಪು ಅಕ್ಷರ, ಮೇಲೆ ಪಾರದರ್ಶಕ ಟೇಪು. ಮನುಷ್ಯರಿಗೂ ಇಂಥ ಚೀಟಿ ಅಂಟಿಸುವಂತಿದ್ದರೆ ಎಷ್ಟೋ ಮನೆಗಳಲ್ಲಿ ನೆಮ್ಮದಿ ಇರುತ್ತಿತ್ತು. ಅತ್ತೆಯವರು ಏನೇ ಹೇಳಿದರೂ ಇಷ್ಟು ಕಳೆಯಿರಿ ಎಂದು.

6 ಜೂನ್, ಗುರುವಾರ

ಮೊದಲ ತೂಕ. ಬಚ್ಚಲ ಬಾಗಿಲ ಎದುರಿನ ಟೈಲ್ಸ್ ಒಂದೇ ಸಮತಟ್ಟಾಗಿದೆ ಎಂದು ಪರೀಕ್ಷೆ ಮಾಡಿ ಅಲ್ಲಿ ಇಟ್ಟೆ. ಕಾಲೊರೆಸುವ ಚಾಪೆ ಎತ್ತಿಸಿದೆ. ಶಾಲು ತೆಗೆಸಿದೆ. ಗೋಡೆ ಮುಟ್ಟಬಾರದು, ಬಗ್ಗಬಾರದು, ಅಂಕಿ ನಿಲ್ಲುವವರೆಗೆ ಮಾತಾಡಬಾರದು ಎಂದೆ.

"ಉಸಿರಾಡ್ಬಹುದಾ?" ಎಂದು ಕೇಳಿದರು ಅತ್ತೆಯವರು.

ಸೊಂಟದ ಬೀಗದಕೈ ಗೊಂಚಲು ತೆಗೆಯಿರಿ ಎಂದರೆ ಒಪ್ಪಲಿಲ್ಲ. ಎರಡು ಬೀದಿ ಆಚೆಗಿರುವ ಅವರ ಫ್ಲಾಟಿನ ಬೀಗದಕೈ ಅದು. "ನನ್ನ ಮನೆ ಬೀಗ ನನ್ನ ಹತ್ರಾನೇ ಇರುತ್ತೆ" ಎಂದರು. ಇರಲಿ, ದಿನಾ ಇದ್ದರೆ ತೊಂದರೆಯಿಲ್ಲ ಎಂದು ಬಿಟ್ಟೆ. ಯಂತ್ರ 57.7 ತೋರಿಸಿತು. ಕಳೆದು 57.0 ಎಂದು ಗ್ರಾಫ್ ಹಾಳೆಯಲ್ಲಿ ಮೊದಲ ಚುಕ್ಕೆ ಇಟ್ಟೆ. ಹಾಳೆ ಅಡುಗೆಮನೆಯ ಕಪಾಟಿನ ಬಾಗಿಲಿಗಿದೆ. ಗೆರೆ ನೇರವಾಗಿ ಹೋದರೆ ಜುಲೈ ಏಳರ ಭಾನುವಾರ ಭಾವನ ಕಾರು.

10 ಜೂನ್, ಸೋಮವಾರ

57.2, 56.8, 57.1, 56.9. ಚೆನ್ನಾಗಿದೆ. ಅತ್ತೆಯವರು ಮಾತ್ರ ಅಡುಗೆಗೆ ಉಪ್ಪಿಲ್ಲ ಎಂದು ದಿನಾ ಹೇಳುತ್ತಾರೆ. ಉಪ್ಪಿಲ್ಲ ಎಂದು ನನಗೂ ಗೊತ್ತು, ಅದೇ ಅಡುಗೆಯನ್ನು ನಾವೂ ತಿನ್ನುತ್ತಿದ್ದೇವೆ. ಎರಡು ಬಗೆ ಮಾಡಲು ನನಗೇನು ನಾಲ್ಕು ಕೈ ಇವೆಯೇ.

14 ಜೂನ್, ಶುಕ್ರವಾರ

ಪರದೆ ಒಗೆದು ಹಾಕಿದೆ. ಅವರು ಹೇಳಿದರೆಂದಲ್ಲ. ಧೂಳು ಯಂತ್ರದೊಳಗೆ ಸೇರಿದರೆ ರೀಡಿಂಗ್ ಕೆಡುತ್ತದೆ.

ಸಂಜೆ ಕರೆಂಟು ಹೋಗಿತ್ತು, ಮಾಡಲು ಕೆಲಸವಿಲ್ಲದೆ ಅವರ ಎದುರು ಕುಳಿತೆ. ಅತ್ತೆಯವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಯಾರೋ ಇಬ್ಬರು, ಒಬ್ಬ ಗಂಡಸು ಒಬ್ಬ ಹೆಂಗಸು, ದಿನಾ ಮಧ್ಯಾಹ್ನ ಫೋನಿನಲ್ಲಿ ಜಗಳ ಆಡುತ್ತಿದ್ದರಂತೆ. ಒಂದು ದಿನ ಆ ಹೆಂಗಸು ಸಿಟ್ಟಿನಲ್ಲಿ ಫೋನ್ ಇಟ್ಟಾಗ, ಅತ್ತೆಯವರು ಲೈನು ತುಂಡಾಯಿತೆಂದು ಹೇಳಿ ಮತ್ತೆ ಜೋಡಿಸಿದರಂತೆ. "ಆಮೇಲೆ ಮದುವೆ ಆದ್ರು ಅಂತ ಕೇಳ್ದೆ. ಪಾಪ, ನನ್ನಿಂದಲೇ ಆಯ್ತು" ಎಂದರು. ನಗು ಬಂತು. ಕತ್ತಲಿದ್ದುದರಿಂದ ಅವರಿಗೆ ಕಂಡಿರಲಾರದು.

17 ಜೂನ್, ಸೋಮವಾರ

ಲ್ಯಾಬಿಗೆ ಮುಂದಿನ ತಿಂಗಳು ಆಡಿಟ್. ಮಾನ್ಯತೆ ಉಳಿಯುವುದೋ ಹೋಗುವುದೋ ಅದರ ಮೇಲಿದೆ. ಇವತ್ತಿನಿಂದ ಭಾನುವಾರವೂ ಸೇರಿ ದಿನಾ ನಾನು ಎಲ್ಲರೂ ಏಳುವ ಮೊದಲೇ ಹೊರಡಬೇಕು, ತೂಕದ ಜವಾಬ್ದಾರಿ ಇವರಿಗೆ ಕೊಟ್ಟೆ.

"ನಂಗೆ ಇದೆಲ್ಲ ಬರಲ್ಲ" ಎಂದರು.

"ಬರೋದಕ್ಕೆ ಏನಿದೆ? ಚೀಟಿ ಅಂಟಿಸಿದ್ದೀನಿ. ಓದಿ, ಅದರಲ್ಲಿ ಇರೋ ಹಾಗೆ ಮಾಡಿ, ಅಷ್ಟೇ" ಎಂದೆ.

ಬೆಳಗಿನ ಅಂಕಿಯನ್ನು ಒಂದು ಕಾಗದದಲ್ಲಿ ಬರೆದು ಫ್ರಿಜ್ಜಿಗೆ ಸಿಕ್ಕಿಸಿದ್ದರು. 57.6. ಸಂಜೆ ಬಂದು ನೋಡಿ, ಏಳುನೂರು ಕಳೆದು, 56.9ಕ್ಕೆ ಚುಕ್ಕೆ ಇಟ್ಟೆ. ಪರವಾಗಿಲ್ಲ, ಇವರೂ ಹೇಳಿದ ಮಾತು ಕೇಳುತ್ತಾರೆ.

19 ಜೂನ್, ಬುಧವಾರ

ಲ್ಯಾಬಿನಲ್ಲಿ ಇವತ್ತು ನನಗೆ ಸಿಟ್ಟು ನೆತ್ತಿಗೇರಿತು. ನಮ್ಮಲ್ಲಿ ಒಬ್ಬರಿದ್ದಾರೆ, ಹತ್ತೂವರೆ ಗಂಟೆಗೆ 'ಹತ್ತು ಪಾಯಿಂಟ್ ಐದು' ಎನ್ನುವವರು, ಅದಕ್ಕೆ ಎಲ್ಲರೂ ಅವರನ್ನು ದಶಾಂಶ ಎಂದೇ ಕರೆಯುತ್ತಾರೆ. ತೂಕದ ಕೋಣೆಯ ಉಷ್ಣಾಂಶ ದಿನಾ ಬರೆಯುವುದು ಅವರ ಪಾಲಿನ ಕೆಲಸ. ತೆಗೆದು ನೋಡಿದರೆ ಮೂರು ವಾರ ಪೂರ್ತಿ 23.0.

"ನೀವು ಮೀಟರ್ ನೋಡೇ ಇಲ್ಲ ಅಲ್ವಾ?" ಎಂದೆ.

"ಮೇಡಂ, ಎ.ಸಿ. ಇದೆಯಲ್ಲ, ಒಂದೇ ಸಮ ಇರುತ್ತೆ."

"ನಿಜವಾದ ಅಳತೆ ಒಂದೇ ಸಮ ಇರಲ್ಲ ಸಾರ್. ಚೂರಾದ್ರೂ ಅಲುಗಾಡುತ್ತೆ. ಗೆರೆ ಇಷ್ಟು ನೆಟ್ಟಗಿದ್ರೆ ಎಲ್ಲೋ ಯಾರೋ ನೋಡ್ತಾ ಇಲ್ಲ ಅಂತ ಅರ್ಥ."

ಅವರು ಪಾಪ ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಾದ ಮೇಲೆ, ಮಾತು ಬದಲಿಸಲೆಂದೋ ಏನೋ, "ನಿಮ್ಮ ಅತ್ತೆಯವ್ರ ತೂಕ ಹೇಗಿದೆ ಮೇಡಂ?" ಎಂದು ಕೇಳಿದರು.

"ಒಂದೇ ಸಮ ಇದೆ" ಎಂದೆ. ನನ್ನನ್ನೇ ನೋಡಿ ತಮ್ಮ ಮೇಜಿಗೆ ಹೋದರು. ಬೈಸಿಕೊಂಡವರಿಗೆ ಬೇರೆಯವರ ಸಂತೋಷ ರುಚಿಸುವುದಿಲ್ಲ.

21 ಜೂನ್, ಶುಕ್ರವಾರ

ಅತ್ತೆಯವರು ಮೂರನೇ ದಿಂಬು ಕೇಳಿದರು. ಮೊದಲು ಒಂದು ಇತ್ತು, ಹೋದ ವಾರ ಎರಡಾಯಿತು. ಮಹಾರಾಣಿಯವರು ಒರಗಿಕೊಂಡೇ ನಿದ್ದೆ ಮಾಡುತ್ತಾರಂತೆ, ಮಲಗಿದರೆ ಹಿಡಿಸುವುದಿಲ್ಲವಂತೆ. ನನ್ನದೇ ಕೊಟ್ಟೆ. ಕತ್ತಿಗೆ ದಿಂಬಿಲ್ಲದೆ ಮಲಗುವುದು ಒಳ್ಳೆಯದೆಂದು ಎಲ್ಲೋ ಓದಿದ ನೆನಪು.

ಚಪ್ಪಲಿಯೂ ಬಿಗಿಯಾಗಿದೆಯಂತೆ. ಬಚ್ಚಲಲ್ಲಿ ಒದ್ದೆಯಾಗಿ ಒದ್ದೆಯಾಗಿ ರಬ್ಬರು ಕುಗ್ಗಿರಬೇಕು. ಅಗ್ಗದ ಮಾಲು. ಬರುವಾಗ ಒಂದು ಸೈಜು ದೊಡ್ಡದು, ಮೆತ್ತನೆಯ ಪಟ್ಟಿಯದು, ತಂದುಕೊಟ್ಟೆ. "ಈ ಬಣ್ಣ ಯಾರು ಹಾಕ್ತಾರೆ?" ಎಂದರು. ಹಾಕಿಕೊಂಡರು.

24 ಜೂನ್, ಸೋಮವಾರ

ಇವರಿಗೆ ಬೆಳಿಗ್ಗೆ ಗಡ್ಡ ಕೆರೆಯುವ ಹೊತ್ತಿಗೇ ತೂಕದ ಹೊತ್ತೂ ಬರುತ್ತದೆ. ಮುಖದ ತುಂಬ ನೊರೆ ಬಳಿದುಕೊಂಡು ಬಗ್ಗಿ ಅಂಕಿ ನೋಡುವುದು ಕಷ್ಟವಾಗಿ, ಈಗ ಅತ್ತೆಯೇ ನಿಂತಲ್ಲಿಂದ ಓದಿ ಕೂಗುತ್ತಾರಂತೆ. ಅವರಿಗೆ ಹತ್ತಿರದ ಅಕ್ಷರ ಕಾಣದಿದ್ದರೂ ಕಾಲಬುಡದ ಅಂಕಿ ಚೆನ್ನಾಗಿ ಕಾಣುತ್ತದೆ. ಚೀಟಿಯ ಕೆಂಪು ಅಕ್ಷರವೂ ಕಾಣುತ್ತದಂತೆ, ಕೊಂಬು ದೀರ್ಘ ಸರಿಯಾಗಿ ಬರೆದಿದ್ದೀಯ ಎಂದರು. ಇವರು ಕೇಳಿಸಿಕೊಂಡು ಕಾಗದಕ್ಕೆ ಇಳಿಸುತ್ತಾರೆ, ನಾನು ಸಂಜೆ ಹಾಳೆಗೆ ಏರಿಸುತ್ತೇನೆ. ಮೂರು ಜನ ಸೇರಿ ಒಂದು ತೂಕ. ಇವತ್ತು 56.8.

27 ಜೂನ್, ಗುರುವಾರ

57.0.

ಇಂಥ ಗೆರೆಯನ್ನು ನಮ್ಮ ಲ್ಯಾಬಿನ ಉಕ್ಕಿನ ಬಟ್ಟುಗಳಲ್ಲೂ ಕಂಡಿಲ್ಲ. ಕಾಫಿ ಲೋಟ ಹಿಡಿದು ಕಪಾಟಿನ ಎದುರು ಸುಮ್ಮನೆ ನಿಂತು ನೋಡಿದೆ.

30 ಜೂನ್, ಭಾನುವಾರ

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ತೂಕ ಏರಿಲ್ಲ ಎಂದೆ. "ತುಂಬಾ ಒಳ್ಳೇದು. ಉಸಿರು? ಕಾಲು ಊತ ಏನಾದ್ರೂ?" ಎಂದು ಕೇಳಿದರು. "ಏನಿಲ್ಲ, ಚೆನ್ನಾಗಿದ್ದಾರೆ" ಎಂದೆ. ತೂಕವೇ ಏರದಿದ್ದ ಮೇಲೆ ಊತ ಎಲ್ಲಿಂದ ಬರಬೇಕು. ಹಾಗಾದರೆ ಮುಂದಿನ ಭಾನುವಾರ ಕರೆದುಕೊಂಡು ಹೋಗಬಹುದು ಎಂದರು.

ಅತ್ತೆಗೆ ಹೇಳಿದೆ. "ಸರಿ" ಎಂದರು. ಅಷ್ಟೇ. ಪರದೆಯ ಬಗ್ಗೆ ಐದು ನಿಮಿಷ ಮಾತಾಡಬಲ್ಲವರು ಇದಕ್ಕೆ ಒಂದೇ ಮಾತು. ನಾನೂ ಒಳಗೆ ಬಂದು ಪಾತ್ರೆ ತೊಳೆದೆ. ಒಮ್ಮೆ ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದೆ ಎಂದು ಇವರು ತೋರಿಸಿಕೊಟ್ಟರು. ಉಪ್ಪಿಲ್ಲದ ಅಡುಗೆಯಾದರೂ ಜಿಡ್ಡಂತೂ ಇರುತ್ತದಲ್ಲ.

2 ಜುಲೈ, ಮಂಗಳವಾರ

ಭಾವ ಫೋನ್ ಮಾಡಿದ್ದರು. ಭಾನುವಾರ ಬೆಳಿಗ್ಗೆ ಬರುತ್ತಾರಂತೆ. ಆರು ಗಂಟೆಯ ದಾರಿ. ಓರಗಿತ್ತಿ ಕೋಣೆ ಸಿದ್ಧ ಮಾಡಿದ್ದಾಳಂತೆ, ಎದುರಿಗೇ ಟಿ.ವಿ. ಇದೆಯಂತೆ.

"ಅಲ್ಲಿ ತೂಕದ ಯಂತ್ರ ಇದೆಯಾ?" ಎಂದು ಕೇಳಿದೆ.

"ಒಂದು ತಗೊಂಡ್ರಾಯ್ತಮ್ಮ. ಅದೇನು ಬ್ರಹ್ಮವಿದ್ಯೆನಾ?"

ಯಂತ್ರ ಬದಲಾದರೆ ಹಳೆಯ ರೀಡಿಂಗಿಗೂ ಹೊಸದಕ್ಕೂ ಹೊಂದುವುದಿಲ್ಲ, ಎರಡನ್ನೂ ಕೆಲವು ವಾರ ಒಟ್ಟಿಗೆ ಇಟ್ಟು ನೋಡಬೇಕು ಎಂದು ವಿವರಿಸಿದೆ. ಭಾವ, "ನೀನೇ ಅಲ್ವಾ ಒಂದು ತಿಂಗಳು ಅಂತ ಗೆರೆ ಎಳೆದೋಳು?" ಎಂದರು. ನಾನು ಹೇಳಿದ್ದು ತಾಂತ್ರಿಕ ವಿಷಯ. ಭಾವನಂಥವರಿಗೆಲ್ಲ ಅರ್ಥವಾಗುವುದಿಲ್ಲ.

ಒಂದು ಯೋಚನೆ ಬಂತು. ನಮ್ಮ ಲ್ಯಾಬಿನಿಂದ ಯಾವ ಸಾಧನ ಹೊರಗೆ ಹೋಗುವಾಗಲೂ ಕೊನೆಯ ಪರೀಕ್ಷೆ ಮುಖ್ಯಸ್ಥರೇ ಮಾಡಬೇಕೆಂಬ ನಿಯಮವಿದೆ. ಶನಿವಾರ ರಜಾ. ನಾನೇ ಮಾಡುತ್ತೇನೆ.

4 ಜುಲೈ, ಗುರುವಾರ

ಆಡಿಟ್ ಆಯಿತು. ಬಂದಿದ್ದ ಮನುಷ್ಯ ಬೂದುಬಣ್ಣದ ಸೂಟು, ನಗು ಎಂದರೆ ಖರ್ಚು ಎನ್ನುವಂಥವರು. ಆದರೂ ನಮ್ಮ ತಿದ್ದುಪಡಿ ಚೀಟಿಯ ಪದ್ಧತಿ ಅವರಿಗೆ ಬಹಳ ಹಿಡಿಸಿತು. ಚೀಟಿಯ ಕೆಳಗೆ 'ಕಳೆದವರು ಯಾರು' ಎಂಬ ಸಹಿಯ ಜಾಗ ಇದೆಯಲ್ಲ, ಅದನ್ನು ಬೆರಳಿಟ್ಟು ತೋರಿಸಿ, "ಇದಿಲ್ಲದ ಲ್ಯಾಬ್‌ಗಳಲ್ಲಿ ಏನೇನು ಆಗುತ್ತೆ ಅಂತ ನಿಮಗೆ ಗೊತ್ತಿಲ್ಲ" ಎಂದರು. ಗೊತ್ತಿದೆ ಎಂದೆ.

ಟೀ ಕುಡಿಯದೆ ಬೇಗ ಮನೆಗೆ ಬಂದೆ. ಅತ್ತೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಎಬ್ಬಿಸದೆ ಎದುರು ಸ್ಟೂಲು ಹಾಕಿಕೊಂಡು ಕುಳಿತೆ. ಸುದ್ದಿಯನ್ನು ಮೊದಲು ಅವರಿಗೇ ಹೇಳೋಣ ಎನಿಸಿತ್ತು. ಇವರು ಅಂಗಡಿಯಲ್ಲಿದ್ದರು, ಅದಕ್ಕೇ.

6 ಜುಲೈ, ಶನಿವಾರ

ಆಸ್ಪತ್ರೆ. ಬರೆಯಲು ಕೈ ಬರುತ್ತಿಲ್ಲ.

7 ಜುಲೈ, ಭಾನುವಾರ

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಒಳಗೆ ಒಬ್ಬರನ್ನು ಮಾತ್ರ ಬಿಡುತ್ತಾರೆ, ಈಗ ಭಾವ ಇದ್ದಾರೆ.

ನಿನ್ನೆ ಬೆಳಿಗ್ಗೆ ಅತ್ತೆಯನ್ನು ಯಂತ್ರದ ಮೇಲೆ ನಿಲ್ಲಿಸಿದೆ. 59.3 ಎಂದಿತು. ಬ್ಯಾಟರಿ ಬದಲಿಸಿದೆ. 59.3. ಯಂತ್ರವನ್ನು ಅಡುಗೆಮನೆಗೆ ಒಯ್ದೆ, ಹಾಲಿಗೆ ಒಯ್ದೆ, ಅತ್ತೆ ನನ್ನ ಹಿಂದೆ ಹಿಂದೆ ಬಂದು ಹತ್ತಿ ಇಳಿದರು. "ಮನೆ ತೋರಿಸ್ತಿದ್ದೀಯಾ ಯಂತ್ರಕ್ಕೆ?" ಎಂದರು, ಎರಡು ಉಸಿರಿನಲ್ಲಿ. ನಾನೇ ನಿಂತು ನೋಡಿದೆ. ನನ್ನ ತೂಕ ಎಂದಿನಂತೆ, ಎಂದಿನ ಏಳುನೂರು ಹೆಚ್ಚು. ಯಂತ್ರದ ತಪ್ಪಿಲ್ಲ.

ಇಲ್ಲಿ ಸುಳ್ಳು ಬರೆಯುವುದರಲ್ಲಿ ಅರ್ಥವಿಲ್ಲ. ಆಗ ನನಗೆ ಮೊದಲು ಆದದ್ದು ಭಯವಲ್ಲ, ಸಮಾಧಾನ. ಇನ್ನು ಭಾನುವಾರದ ಕಾರು ಹೊರಡುವ ಹಾಗಿಲ್ಲ ಎಂಬ ಸಮಾಧಾನ. ಅದು ಗೊತ್ತಾದ ಕೂಡಲೇ ಆ ಅಂಕಿಯ ಮೇಲೆ ನಂಬಿಕೆ ಹೋಯಿತು. ಬೇಕು ಎಂದುಕೊಂಡು ನೋಡಿದವರಿಗೆ ಬೇಕಾದ್ದೇ ಕಾಣುತ್ತದೆ, ಇದನ್ನು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವವಳು ನಾನು. ಅಂಥ ಹೊತ್ತಿನಲ್ಲಿ ಏನೂ ಗೊತ್ತಿಲ್ಲದ ಇನ್ನೊಬ್ಬರಿಂದ ಓದಿಸಬೇಕು. ಇವರನ್ನು ಕರೆದೆ, ಏನೂ ಹೇಳದೆ ಅಂಕಿ ನೋಡಿ ಎಂದೆ.

ಇವರು ಬಗ್ಗಿ ನೋಡಿ, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, "ಐವತ್ತೆಂಟು ಪಾಯಿಂಟ್ ಆರು" ಎಂದರು.

"ಐವತ್ತೊಂಬತ್ತು ಮೂರು ಅಂತ ಕಾಣ್ತಿಲ್ವಾ?"

"ಕಾಣ್ತಿದೆ. ಏಳುನೂರು ಕಳೀಬೇಕಲ್ಲ. ನೀನೇ ಅಂಟಿಸಿದ್ದೀಯ."

"ನೀವು ಕಳೀತಿದ್ರಾ? ಕಳೆದು ಫ್ರಿಜ್ಜಿಗೆ ಸಿಕ್ಕಿಸ್ತಿದ್ರಾ?"

"ಮತ್ತೆ? ಓದಿ ಅದರಲ್ಲಿರೋ ಹಾಗೆ ಮಾಡಿ ಅಂದೆ."

ಯಂತ್ರದ ಮೇಲಿಂದ ಅತ್ತೆ ಮಗನನ್ನು ನೋಡಿದರು. "ನೀನ್ಯಾಕಪ್ಪ ಕಳೀತೀಯ? ನಾನು ಕಳೆದೇ ಕೂಗ್ತಿದ್ದೆನಲ್ಲ."

 ಅತ್ತೆ ಕಳೆದರು, ಅದರಲ್ಲಿ ಇವರು ಕಳೆದರು, ಅದರಲ್ಲಿ ನಾನು ಕಳೆದೆ. ಅತ್ತೆಯ ಮೈಯಲ್ಲಿ ನೀರು ಏರಿದ ಹಾಗೆಲ್ಲ ಕಳೆಯುವವರೂ ಒಬ್ಬೊಬ್ಬರಾಗಿ ಹೆಚ್ಚುತ್ತಾ ಹೋಗಿ, ನನ್ನ ಹಾಳೆಯಲ್ಲಿ ಗೆರೆ ನೆಟ್ಟಗೆ ನಿಂತಿತ್ತು. ಮನೆಯ ಚೀಟಿಗೆ ಸಹಿ ಯಾಕೆ ಎಂದು ಆ ಜಾಗವನ್ನು ನಾನು ಬಿಟ್ಟಿದ್ದೆ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಈ ಮನೆಯವರೆಲ್ಲ ನನ್ನ ಮಾತನ್ನು ಚಾಚೂ ತಪ್ಪದೆ ಕೇಳಿದ್ದು ಇದೇ ಮೊದಲು. ಅದರಿಂದ ಅತ್ತೆ ಸಾಯುವುದರಲ್ಲಿದ್ದರು.

ನೆಲದ ಮೇಲೆ ಕುಳಿತು ಅವರ ಪಾದ ನೋಡಿದೆ. ಈ ತಿಂಗಳಿನಲ್ಲಿ ಅದನ್ನು ನೋಡಿದ್ದು ಅದೇ ಮೊದಲು. ಇಷ್ಟು ದಿನ ಎರಡು ಪಾದಗಳ ನಡುವಿನ ಅಂಕಿ ನೋಡುತ್ತಿದ್ದೆ. ಹೆಬ್ಬೆರಳಿನಿಂದ ಒತ್ತಿದೆ, ಕೈ ತೆಗೆದರೂ ಗುಳಿ ಹಾಗೇ ಉಳಿಯಿತು. ದೊಡ್ಡ ಸೈಜಿನ ಚಪ್ಪಲಿ ತಂದುಕೊಟ್ಟವಳು ನಾನೇ. ಮೂರನೇ ದಿಂಬು ಕೊಟ್ಟವಳೂ ನಾನೇ.

"ಹೇಳ್ಬಾರ್ದಾ ಅತ್ತೆ, ಕಾಲು ಊದ್ತಿದೆ ಅಂತ?"

"ತೂಕ ಸರಿ ಇದೆ ಅಂತ ನೀನು ಹೇಳ್ತಿದ್ದೆ. ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ" ಎಂದರು.

ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

8 ಜುಲೈ, ಸೋಮವಾರ

ಡಾಕ್ಟರಮ್ಮ ಹಾಳೆ ಕೇಳಿದರು. ಕೊಟ್ಟೆ. ಯಾರು ಯಾವತ್ತಿನಿಂದ ಕಳೆದರು ಎಂದು ನೆನಪಿಸಿಕೊಂಡು, ಕಳೆದದ್ದನ್ನೆಲ್ಲ ಮರಳಿ ಕೂಡಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಹೊಸ ಗೆರೆ ಎಳೆದಿದ್ದೆ. ಅದು ಮೆಟ್ಟಿಲು ಹತ್ತಿದ ಹಾಗೆ ಹತ್ತಿತ್ತು. ಅವರು ಎರಡೂ ಗೆರೆ ನೋಡಿ ಕನ್ನಡಕ ತೆಗೆದರು. "ನಿನ್ನೆ ಆ ಆರು ಗಂಟೆ ಕಾರಿನಲ್ಲಿ ಕೂತಿದ್ದರೆ ದಾರಿಯಲ್ಲೇ ಕಷ್ಟ ಆಗ್ತಿತ್ತು. ಯಾಕೆ ಮತ್ತೆ ತೂಕ ನೋಡಿದ್ರಿ?"

"ನಿಯಮ" ಎಂದೆ.

ಭಾವ ಕಾರಿಡಾರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. "ಅಳತೆ ಅಳತೆ ಅಂತ ಎಲ್ಲರ ತಲೆ ತಿಂದೋಳು ನೀನು. ನಿನ್ನ ಕಣ್ಣೆದುರೇ ಅಮ್ಮ ಹೀಗಾದ್ರಲ್ಲ. ಇಲ್ಲಿಂದಾನೇ ನಮ್ಮನೆಗೆ ಕರ್ಕೊಂಡು ಹೋಗ್ತೀನಿ, ನರ್ಸ್ ಇಡ್ತೀನಿ."

 ಅವರು ಹೇಳಿದ್ದರಲ್ಲಿ ಕಳೆಯುವಂಥದ್ದು ಏನೂ ಇರಲಿಲ್ಲ. ಮೆಟ್ಟಿಲ ಬಳಿ ಹೋಗಿ ಅತ್ತುಬಿಟ್ಟೆ. ಇಷ್ಟು ಅತ್ತದ್ದು ನನ್ನ ಅಪ್ಪ ಹೋದಾಗ.

9 ಜುಲೈ, ಮಂಗಳವಾರ

ದಶಾಂಶ ಅವರ ಫೋನು. ಆಡಿಟ್ ವರದಿ ಬಂತಂತೆ. ಮಾನ್ಯತೆ ಮುಂದುವರಿದಿದೆ. ಫೋನಿನಲ್ಲೇ ಓದಿದರು, "ಒಂದೇ ರೀಡಿಂಗಿಗೆ ಎರಡೆರಡು ಸಲ ತಿದ್ದುಪಡಿ ಆಗುವ ಸಾಧ್ಯತೆಯೇ ಇಲ್ಲದ ವ್ಯವಸ್ಥೆಯನ್ನು ಮುಖ್ಯಸ್ಥೆ ರೂಪಿಸಿದ್ದಾರೆ." ಅಭಿನಂದನೆ ಎಂದರು. ಆಮೇಲೆ ಮೆಲ್ಲಗೆ, "ಮೇಡಂ, ಕೋಣೆ ಉಷ್ಣಾಂಶ ಇವತ್ತು 23.4. ನಾನೇ ಹೋಗಿ ನೋಡ್ದೆ" ಎಂದರು. ಥ್ಯಾಂಕ್ಸ್ ಎಂದೆ.

12 ಜುಲೈ, ಶುಕ್ರವಾರ

ನೀರು ಇಳಿಯಿತು. ಆಸ್ಪತ್ರೆಯ ಯಂತ್ರದಲ್ಲಿ 56.6. ಈ ಯಂತ್ರಕ್ಕೆ ಚೀಟಿ ಇದೆಯೇ ಎಂದು ಕೇಳಿದೆ, ನರ್ಸಮ್ಮ ವಿಚಿತ್ರವಾಗಿ ನೋಡಿದರು. ನಾಳೆ ಬಿಡುತ್ತಾರೆ.

ಭಾವ ಕಾರು ತಂದಿದ್ದರು. ಮಂಚದ ಸುತ್ತ ಎಲ್ಲರೂ ನಿಂತಿದ್ದೆವು. ನಾನು ಏನೂ ಹೇಳಬಾರದು ಎಂದುಕೊಂಡಿದ್ದೆ, ನನಗೆ ಹೇಳುವ ಹಕ್ಕಿರಲಿಲ್ಲ. ಅತ್ತೆ ಎಲ್ಲರನ್ನೂ ಒಮ್ಮೆ ನೋಡಿ ಭಾವನಿಗೆ ಕೇಳಿದರು, "ನಿನ್ನ ಮನೇಲಿ ತೂಕ ಯಾರು ನೋಡ್ತಾರೆ?"

"ನರ್ಸ್ ಬರ್ತಾಳಮ್ಮ."

"ನೀನು?"

"ನಂಗೆ ಆಫೀಸು."

"ನಿನ್ನ ಹೆಂಡ್ತಿ?"

"ಅವಳಿಗೂ..."

"ಹಂಗಾದ್ರೆ ಬೇಡಪ್ಪ. ಇಲ್ಲಿ ಲೆಕ್ಕ ತಪ್ಪಿದ್ರೂ ಮೂರು ಜನ ನೋಡ್ತಾರೆ" ಎಂದರು. ಭಾವನ ಮುಖ ಕೆಂಪಾಯಿತು. ನಾನು ನಗಲಿಲ್ಲ. ಬೇರೆ ಯಾವಾಗಲೋ ಆಗಿದ್ದರೆ ಭಾವನನ್ನು ನೋಡಿ ನಗುತ್ತಿದ್ದೆ, ಇವತ್ತು ನನ್ನ ಕಣ್ಣು ಬೇರೆ ಕೆಲಸದಲ್ಲಿತ್ತು.

ಸದ್ಯಕ್ಕೆ ಎಂದು ತೀರ್ಮಾನವಾಯಿತು. ಸದ್ಯಕ್ಕೆ ಎಂದರೆ ಎಷ್ಟು ದಿನ ಎಂದು ಯಾರೂ ಕೇಳಲಿಲ್ಲ.

20 ಜುಲೈ, ಶನಿವಾರ

ಚೀಟಿ ಕಿತ್ತು ಹಾಕಿದ್ದೇನೆ. ಈಗ ಅಂಕಿ ನೋಡುವುದು, ಕಳೆಯುವುದು, ಬರೆಯುವುದು ಎಲ್ಲ ನಾನೇ, ಲ್ಯಾಬಿಗೆ ತಡವಾದರೂ ಸರಿ. ಪಾದ ಒತ್ತಿ ನೋಡುವುದು ಅದಕ್ಕೂ ಮೊದಲು.

ಹೊಸ ತೊಂದರೆ ಒಂದಿದೆ. ಆಸ್ಪತ್ರೆಯಿಂದ ಬಂದ ಮೇಲೆ ಅತ್ತೆಗೆ ಒಬ್ಬರೇ ನಿಲ್ಲಲು ಆಗುವುದಿಲ್ಲ, ಕಾಲು ನಡುಗುತ್ತದೆ. ಗೋಡೆ ಹಿಡಿದರೆ ತೂಕ ಕಡಿಮೆ ಬರುತ್ತದೆ. ಇವರು ಅಂಗಡಿಯಿಂದ ಸ್ಟೀಲಿನ ಹಿಡಿಕೆ ತಂದು, "ಇಲ್ಲಿ ಗೋಡೆಗೆ ಬಡಿದುಬಿಡ್ತೀನಿ, ಎರಡು ಸ್ಕ್ರೂ ಸಾಕು" ಎಂದರು. ಹಿಡಿಕೆಗೆ ಒರಗಿದರೂ ಅದೇ ದೋಷ ಎಂದು ಬೇಡ ಅಂದೆ. ಕುರ್ಚಿ ಇಟ್ಟು ತೂಗುವ ದೊಡ್ಡ ಯಂತ್ರ ಲ್ಯಾಬಿನಲ್ಲಿ ಒಂದು ಬಿದ್ದಿದೆ, ಕೇಳಿದರೆ ಕೊಡುತ್ತಾರೆ. ಕೇಳಿಲ್ಲ. ಅದಕ್ಕೆ ಮನೆಯಲ್ಲಿ ಜಾಗ ಎಲ್ಲಿದೆ.

ಅದಕ್ಕೆ ಈಗ ಇಬ್ಬರೂ ಒಟ್ಟಿಗೆ ನಿಲ್ಲುತ್ತೇವೆ. ಆಮೇಲೆ ಅವರನ್ನು ಕುಳ್ಳಿರಿಸಿ ನಾನೊಬ್ಬಳೇ ನಿಂತು, ಅದನ್ನು ಇದರಲ್ಲಿ ಕಳೆದರೆ ಅವರ ತೂಕ. ಯಂತ್ರದ ಏಳುನೂರೂ ತಾನಾಗಿ ಹೋಗುತ್ತದೆ. ಎರಡು ರೀಡಿಂಗ್ ಎಂದರೆ ಎರಡು ಸಣ್ಣ ದೋಷ ಸೇರುತ್ತವೆ, ಒಳ್ಳೆಯ ಪದ್ಧತಿ ಎಂದು ನಾನು ಲ್ಯಾಬಿನಲ್ಲಿ ಯಾರಿಗೂ ಹೇಳಿಕೊಡಲಾರೆ. ಇದೇ ಅತ್ಯುತ್ತಮ ಎಂದು ಮನೆಯಲ್ಲಿ ಹೇಳಿದ್ದೇನೆ.

ಗಾಜಿನ ಹಲಗೆ ಒಬ್ಬರ ಅಳತೆಯದು. ನಾಲ್ಕು ಪಾದ ಹಿಡಿಯಬೇಕಾದರೆ ಒಬ್ಬರನ್ನೊಬ್ಬರು ಅಪ್ಪಿ ಹಿಡಿಯದೆ ಬೇರೆ ದಾರಿಯಿಲ್ಲ. ಇವತ್ತು ಅತ್ತೆ ನನ್ನ ಸೊಂಟ ಹಿಡಿದುಕೊಂಡರು, ಗಲ್ಲ ನನ್ನ ಭುಜದ ಮೇಲೆ ಬಂತು. ಅವರ ಮೈ ಇಷ್ಟು ಹಗುರ ಎಂದು ಅಂಕಿ ನೋಡಿ ನನಗೆ ಗೊತ್ತಾಗಿರಲಿಲ್ಲ.

"ಉಸಿರು ಬಿಗಿ ಹಿಡೀಬೇಡಿ ಅತ್ತೆ."

"ಹಿಡ್ದಿರೋದು ನೀನು."

ಬಚ್ಚಲಿನಿಂದ ಇವರು ನೊರೆ ಮುಖ ಹೊರಗೆ ಹಾಕಿ, "ಬಂತಾ ತೂಕ?" ಎಂದು ಕೇಳಿದರು.

ಅತ್ತೆ ನನ್ನ ಭುಜದ ಮೇಲಿಂದ ಕೆಳಗೆ ಕಣ್ಣು ಹಾಯಿಸಿದರು. "ಇನ್ನೂ ಇಲ್ಲಪ್ಪ. ಅಂಕಿ ಅಲುಗಾಡ್ತಾನೇ ಇದೆ" ಎಂದರು.

ಅಂಕಿ ನಿಂತು ಆಗಲೇ ಎಷ್ಟೋ ಹೊತ್ತಾಗಿತ್ತು, ನನಗೂ ಕಾಣುತ್ತಿತ್ತು. ನಾನು ತಿದ್ದಲಿಲ್ಲ.